ಮಗಳ ಬಗ್ಗು, ಅಳಿಯನ ಬಗ್ಗು

ರಾತ್ರಿ ಊಟಕ್ಕೆ ಕೂತಿದ್ದೆವು. ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ. ಮೊದಲ ತುತ್ತು ಮುರಿಯುವಷ್ಟರಲ್ಲಿ ಮಗಳ ಫೋನು ಮೇಜಿನ ಮೇಲೆ ಗುಯ್ಯೆಂದಿತು. ಎಡಗೈಯಲ್ಲಿ ಎತ್ತಿಕೊಂಡು, "ಹೂಂ... ಎಲ್ಲಾನಾ? ಒಂದೂ ಉಳಿದಿಲ್ವಾ?" ಎಂದಳು. ಮುಖ ಸಣ್ಣಗಾಯಿತು. ಯಾರೋ ಹತ್ತಿರದವರೇ ಹೋದರೆಂದು ನಮ್ಮಾಕೆ ಸೌಟು ಕೆಳಗಿಟ್ಟು ಎದೆ ಮುಟ್ಟಿಕೊಂಡಳು. ಫೋನಿಟ್ಟ ಮಗಳು, "ಬಗ್ಗುಗಳೆಲ್ಲ ಸತ್ತುಹೋಗಿವೆ ಅಪ್ಪ," ಎಂದಳು.

ಎದುರಿಗೆ ಕೂತಿದ್ದ ಅಳಿಯ ಅರ್ಧ ಎದ್ದೇಬಿಟ್ಟ. "ಕಂಗ್ರಾಟ್ಸ್! ಒಂದೇ ದಿನದಲ್ಲಿ ಎಲ್ಲಾನೂ? ಹೆಂಗೆ ಮಾಡ್ದೆ? ನಮ್ಮ ಟೀಮು ಮೂರು ತಿಂಗಳಿಂದ ಒದ್ದಾಡ್ತಾ ಇದೆ, ಇನ್ನೂ ನಲವತ್ತು ಉಳಿದಿದಾವೆ!"

ಆಮೇಲೆ ಮನೆಯಲ್ಲಿ ಮುದ್ದೆ ನುಂಗುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮುದ್ದೆ ನುಂಗುವುದಕ್ಕೆ ಸದ್ದೇ ಇರುವುದಿಲ್ಲ ಎಂದು ಬಲ್ಲವರಿಗೆ ಆ ಮೌನ ಎಂಥದ್ದೆಂದು ಗೊತ್ತಾಗುತ್ತದೆ.

ನಾನು ತಿಪಟೂರು ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನು. ಶ್ಲೇಷಾಲಂಕಾರಕ್ಕೆ ಹೊಸ ಉದಾಹರಣೆ ಸಿಗದೆ ವರ್ಷವರ್ಷವೂ ಹಳೆಯದನ್ನೇ ತಿರುವಿ ಹಾಕುತ್ತಿದ್ದೆ. ನಿವೃತ್ತಿಯಾಗಿ ಬೆಂಗಳೂರಿನಲ್ಲಿ ಮಗಳ ಮನೆ ಸೇರಿದ ಮೇಲೆ ಶ್ಲೇಷೆ ಎರಡು ಹೊತ್ತೂ ಊಟದ ಮೇಜಿಗೇ ಬಂದು ಬೀಳುತ್ತಿದೆ. ಏನು ಪ್ರಯೋಜನ? ಕೇಳಿಸಿಕೊಳ್ಳುವುದಕ್ಕೆ ಹತ್ತನೇ ಕ್ಲಾಸಿನ ಹುಡುಗರಿಲ್ಲ.

ಸಂಬಂಧ ಕುದುರುವಾಗಲೇ ಎಡವಟ್ಟಾಗಿತ್ತು. ಮಗಳು ಓದಿದ್ದು ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗು. ಹುಡುಗನ ಸೋದರಮಾವ ಬಂದು, "ನಮ್ಮ ಹುಡುಗನೂ ಅದೇ ಲೈನು ಸ್ವಾಮಿ, ಕಂಪನೀಲಿ ಪ್ರೊಡಕ್ಷನ್ ಎನ್ವಿರಾನ್‌ಮೆಂಟು ಪೂರ್ತಿ ಅವನ ಕೈಲೇ ಇದೆ," ಎಂದರು. ಜಾತಕ ಕೂಡಿತ್ತು, ಕಸುಬೂ ಕೂಡಿತಲ್ಲ ಎಂದು ನಾವು ತಾಂಬೂಲ ಬದಲಾಯಿಸಿಯೇಬಿಟ್ಟೆವು. ಮದುವೆಯಾದ ವರ್ಷ ಜೂನ್ 5ಕ್ಕೆ ನಾನು ಒಂದು ಹೊಂಗೆ ಸಸಿ ಹಿಡಿದುಕೊಂಡು ಹೋಗಿ, "ಅಳಿಯಂದಿರೇ, ಇವತ್ತು ನಿಮ್ಮಿಬ್ಬರ ಹಬ್ಬ," ಎಂದೆ. ಅವನು ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ, "ಮಾವ, ಎನ್ವಿರಾನ್‌ಮೆಂಟ್ ಡೌನ್ ಆಗಿದೆ, ಆಮೇಲೆ ಮಾತಾಡೋಣ," ಎಂದ. 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ ಎಲ್ಲರೂ ಹೇಳುತ್ತಿರುವುದೂ ಅದನ್ನೇ ತಾನೆ ಎಂದುಕೊಂಡು ಸಸಿಯನ್ನು ಬಾಲ್ಕನಿಯಲ್ಲಿಟ್ಟು ಬಂದೆ. ಅರ್ಧ ಗಂಟೆ ಬಿಟ್ಟು ಅವನೇ ಬಂದ. "ಸರಿಹೋಯ್ತು ಮಾವ, ರೀಸ್ಟಾರ್ಟ್ ಮಾಡಿದ್ವಿ."

ಅವನ ಪರಿಸರದಲ್ಲಿ ಮರಗಳೇ ಇಲ್ಲವೆಂದಲ್ಲ, ಇವೆ. ಬೇರು ಮೇಲೆ, ಎಲೆ ಕೆಳಗೆ. ನಾನು ನಕ್ಕಿದ್ದೆ; ಆಮೇಲೆ ಗೀತೆಯ ಅಶ್ವತ್ಥ ವೃಕ್ಷವೂ ಹಾಗೇ ಇದೆಯಲ್ಲ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಪ್ರೋಗ್ರಾಮು ಓಡುವುದಕ್ಕೆ ಬೇಕಾದ ಯಂತ್ರ, ಜೋಡಣೆ, ಸುತ್ತಮುತ್ತಲ ಸರಂಜಾಮು ಎಲ್ಲ ಸೇರಿ ಅವರಿಗೆ ಎನ್ವಿರಾನ್‌ಮೆಂಟು. ಅದೂ ಒಂದಲ್ಲ, ನಾಲ್ಕು: ಡೆವಲಪ್‌ಮೆಂಟು, ಟೆಸ್ಟಿಂಗು, ಸ್ಟೇಜಿಂಗು, ಪ್ರೊಡಕ್ಷನ್ನು. ನಮ್ಮಾಕೆಗೆ ಅರ್ಥವಾಗಲೆಂದು ನಾನು ಮದುವೆಮನೆಗೆ ಹೋಲಿಸಿ ಹೇಳಿದೆ. ಭಟ್ಟರು ತಾವೇ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುವುದು ಮೊದಲನೆಯದು. ಮನೆಯ ಹೆಂಗಸರು ಬಂದು ಉಪ್ಪಿಲ್ಲ, ಹುಳಿ ಜಾಸ್ತಿ ಎಂದು ಕೊಂಕು ತೆಗೆಯುವುದು ಎರಡನೆಯದು. ಎಲೆ ಹಾಕಿ ನಾಲ್ಕು ಜನ ನೆಂಟರಿಗೆ ಬಡಿಸಿ ನೋಡುವುದು ಮೂರನೆಯದು. ಪ್ರೊಡಕ್ಷನ್ ಅಂದರೆ ಬೀಗರ ಪಂಕ್ತಿ. ಅಲ್ಲಿ ಸಾರು ಹಳಸಿದರೆ ರೀಸ್ಟಾರ್ಟ್ ಇಲ್ಲ. ಮಗಳು ಇದನ್ನು ಕೇಳಿ, "ಪುಣ್ಯವಂತರು. ನಮಗೆ ಮೊದಲ ಮೂರೂ ಇಲ್ಲ ಅಪ್ಪ, ಬೆಳ್ಳಂದೂರು ಕೆರೆ ನೇರ ಬೀಗರ ಪಂಕ್ತಿ," ಎಂದಳು.

ಈಗ ಬಗ್ಗಿನ ವಿಷಯ. ಅಳಿಯನ ಬಗ್ಗು ಅಂದರೆ ಪ್ರೋಗ್ರಾಮಿನೊಳಗಿನ ತಪ್ಪು. ಅದಕ್ಕೊಂದು ಸ್ಥಳಪುರಾಣವಿದೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್-2 ಎಂಬ ಕೋಣೆಯಷ್ಟು ದೊಡ್ಡ ಗಣಕಯಂತ್ರ ತಪ್ಪುತಪ್ಪಾಗಿ ಲೆಕ್ಕ ಮಾಡಹತ್ತಿತು. ಬಿಚ್ಚಿ ನೋಡಿದರೆ ರಿಲೇಯೊಂದರ ಸಂದಿಯಲ್ಲಿ ಪತಂಗ ಸಿಕ್ಕಿಕೊಂಡು ಸತ್ತಿತ್ತು. ಅದನ್ನು ಹೆಕ್ಕಿ ತೆಗೆದು ಲಾಗ್ ಬುಕ್ಕಿನ ಹಾಳೆಗೆ ಟೇಪು ಹಚ್ಚಿ ಅಂಟಿಸಿ, ಬಗ್ಗು ಸಾಕ್ಷಾತ್ತಾಗಿ ಸಿಕ್ಕಿದ್ದು ಇದೇ ಮೊದಲು ಎಂಬರ್ಥದಲ್ಲಿ ತಮಾಷೆಯಾಗಿ ಬರೆದಿಟ್ಟರು. ಗ್ರೇಸ್ ಹಾಪರ್ ಎಂಬ ಮಹಾತಾಯಿ ಈ ಕಥೆಯನ್ನು ಹೋದಹೋದಲ್ಲಿ ಹೇಳಿ ಜಗತ್ಪ್ರಸಿದ್ಧ ಮಾಡಿದರು. ಆ ಹಾಳೆ, ಹುಳುವಿನ ಸಮೇತ, ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಅಳಿಯನ ಪ್ರಕಾರ ಪದ ಹುಟ್ಟಿದ್ದೇ ಅಲ್ಲಿ. ಮೇಷ್ಟ್ರ ಬುದ್ಧಿ ಬಿಡುತ್ತದೆಯೇ? ಪದ ಮೊದಲೇ ಚಾಲ್ತಿಯಲ್ಲಿ ಇಲ್ಲದಿದ್ದರೆ ತಮಾಷೆ ಎಲ್ಲಿಂದ ಬಂತು ಎಂದು ಹಿಡಿದುಕೊಂಡೆ. ಕೊನೆಗೆ ಅವನೇ ಹುಡುಕಿ ಒಪ್ಪಿಕೊಂಡ: ಯಂತ್ರದ ತೊಂದರೆಗೆ ಎಡಿಸನ್ 1878ರಲ್ಲೇ ಕಾಗದದಲ್ಲಿ ಬಗ್ ಎಂದು ಬರೆದಿದ್ದ.

ಮಗಳ ಬಗ್ಗು ಜೀವಂತ ಪ್ರಾಣಿ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರುಗಳ ಸಾಲು ಮುಗಿಯುವಲ್ಲಿ, ಒಂದು ಎಸ್‌ಟಿಪಿ ಇದೆ; ಇನ್ನೂರು ಮನೆಯ ಕೊಳಚೆಯನ್ನು ತಿಳಿಗೊಳಿಸಿ ಫ್ಲಶ್ಶಿಗೂ ಗಿಡಕ್ಕೂ ವಾಪಸು ಕೊಡುವ ಘಟಕ. ಕೊಳಚೆಯನ್ನು ತಿಂದು ತೇಗುವ ಕೆಲಸ ಅಲ್ಲಿ ಮಾಡುವುದು ಮೋಟಾರಲ್ಲ, ಕೋಟ್ಯಂತರ ಬ್ಯಾಕ್ಟೀರಿಯಾ. ಆ ಕಸುಬಿನವರು ಪ್ರೀತಿಯಿಂದ ಅವನ್ನು ಬಗ್ಗು ಎನ್ನುತ್ತಾರೆ. ಮೋಟಾರು, ಬ್ಲೋವರು ಎಲ್ಲ ಇರುವುದು ಅವಕ್ಕೆ ಉಸಿರಾಡಲು ಗಾಳಿ ಊದುವುದಕ್ಕೆ. ಅಂದರೆ ಒಂದೇ ಮನೆಯಲ್ಲಿ ಒಬ್ಬರು ಬಗ್ಗು ಕೊಂದು ಸಂಬಳ ತರುತ್ತಾರೆ, ಇನ್ನೊಬ್ಬರು ಬಗ್ಗು ಸಾಕಿ ಸಂಬಳ ತರುತ್ತಾರೆ.

ಕನ್ನಡದಲ್ಲಿ ಹೇಳಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಮಗಳದ್ದು ಹುಳು, ಅಳಿಯನದ್ದು ಹುಳುಕು. ಒಂದು 'ಕು' ಸೇರಿಸಿದ್ದಕ್ಕೆ ಎಷ್ಟು ಜಗಳ ತಪ್ಪುತ್ತಿತ್ತು! ಅಳಿಯನಿಗೆ ಹೇಳಿದೆ, "ನಿಮ್ಮ ಟೆಸ್ಟಿಂಗ್ ವಿಭಾಗಕ್ಕೆ ಹುಳುಕು ಹುಡುಕುವ ವಿಭಾಗ ಅಂತ ಬೋರ್ಡು ಹಾಕಿಸಿ." ಅವನು ಆಫೀಸಿನಲ್ಲಿ ಹೇಳಿದನಂತೆ. ಟೆಸ್ಟಿಂಗಿನವರು ಈಗ ಅವನ ಜೊತೆ ಕಾಫಿಗೆ ಬರುತ್ತಿಲ್ಲ.

ಆ ರಾತ್ರಿ ಕೈತೊಳೆದು ಮೂವರೂ ಕೆಳಗಿಳಿದೆವು. ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಕೊಳೆತ ಮೊಟ್ಟೆಯ ನಾತ ಮೂಗಿಗೆ ಹೊಡೆಯಿತು. ಅಳಿಯ ಕರವಸ್ತ್ರ ಹಿಡಿದುಕೊಂಡು, "ನಮ್ಮಲ್ಲೂ ಸ್ಮೆಲ್ ಅಂತ ಇದೆ ಮಾವ, ಕೋಡ್ ಸ್ಮೆಲ್," ಎಂದ. ಪ್ರೋಗ್ರಾಮು ಓಡುತ್ತದೆ, ತಪ್ಪೇನೂ ಕಾಣುವುದಿಲ್ಲ, ಆದರೆ ಬರೆದ ರೀತಿ ನೋಡಿದರೆ ಎಲ್ಲೋ ಏನೋ ಕೊಳೆಯುತ್ತಿದೆ ಎಂದು ಅನುಭವಿಗಳ ಮೂಗಿಗೆ ಹೊಡೆಯುತ್ತದಂತೆ. ಕೆಂಟ್ ಬೆಕ್ ಎಂಬಾತ ಹುಟ್ಟುಹಾಕಿದ ಮಾತು. 1999ರಲ್ಲಿ ಬಂದ ಮಾರ್ಟಿನ್ ಫೌಲರ್ ಅವರ ಪುಸ್ತಕದಿಂದ ಮನೆಮಾತಾಯಿತು. ಮಗಳು ಅಷ್ಟು ದುಃಖದಲ್ಲೂ ಗಕ್ಕನೆ ನಿಂತಳು. "ಫೌಲರ್ರಾ? ನಮಗೂ ಒಬ್ಬ ಫೌಲರ್ ಇದ್ದಾರೆ!"

ಇದ್ದಾರೆ ನಿಜ, ಅದೂ ಬೆಂಗಳೂರಿನವರೇ ಎನ್ನಬಹುದಾದವರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಕೊಳಚೆಗೆ ಗಾಳಿ ಊದಿದರೆ ಅದು ತಿಳಿಯಾಗುತ್ತದೆ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಹೊಸ ಕೊಳಚೆಯನ್ನು ಅದರ ಮೇಲೆ ಬಿಟ್ಟು ಮತ್ತೆ ಊದಿದರೆ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಆಕ್ಟಿವೇಟೆಡ್ ಸ್ಲಡ್ಜ್ ಎಂದು ಅದಕ್ಕೆ ಹೆಸರಿಟ್ಟರು. ಇವತ್ತಿಗೂ ಜಗತ್ತಿನ ಬಹುಪಾಲು ದೊಡ್ಡ ಊರುಗಳ ಕೊಳಚೆ ತೊಳೆಯುವುದು ಅದೇ ಉಪಾಯ. ಅವರಿಬ್ಬರ ಬೆನ್ನ ಹಿಂದಿದ್ದ ಗುರು ಗಿಲ್ಬರ್ಟ್ ಫೌಲರ್. ಎರಡೇ ವರ್ಷಕ್ಕೆ, 1916ರಲ್ಲಿ, ಅವರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಒಬ್ಬ ಫೌಲರ್ ನಿಜವಾದ ನಾತದವರು, ಇನ್ನೊಬ್ಬ ಫೌಲರ್ ಕಾಣದ ನಾತದವರು. 'ಫೌಲ್' ಎಂದರೆ ಇಂಗ್ಲಿಷಿನಲ್ಲಿ ಏನರ್ಥ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ, ಆ ದಿನ ಮೊದಲ ಸಲ ಒಮ್ಮತದಿಂದ, "ಸಾಕು ಸುಮ್ಮನಿರಿ," ಎಂದರು.

ನನಗಂತೂ ಆ ಮ್ಯಾಂಚೆಸ್ಟರ್ ಸಂಶೋಧನೆ ಕೇಳಿ ಹೊಸದೇನೂ ಅನ್ನಿಸಲಿಲ್ಲ. ನಿನ್ನೆಯ ಮೊಸರಲ್ಲಿ ಒಂದು ಚಮಚ ಉಳಿಸಿಕೊಂಡು ಇವತ್ತಿನ ಹಾಲಿಗೆ ಹಾಕುವುದಕ್ಕೆ ನಮ್ಮ ಕಡೆ ಹೆಪ್ಪು ಎನ್ನುತ್ತಾರೆ.

ಎಸ್‌ಟಿಪಿಯ ಬಾಗಿಲಲ್ಲಿ ಕಾವಲಿದ್ದ ಆಪರೇಟರ್ ಹುಡುಗನನ್ನು ಮಗಳು ಕೇಳಿದ ಮೊದಲ ಪ್ರಶ್ನೆ, "ಸ್ಕ್ರೀನ್ ಕ್ಲೀನ್ ಮಾಡಿದ್ಯಾ?" ಅಳಿಯ ತನ್ನ ಕನ್ನಡಕ ಒರೆಸುವ ಬಟ್ಟೆಯನ್ನೇ ಮುಂದೆ ಚಾಚಿದ. ಅದನ್ನು ಅಲ್ಲಿ ಬಳಸುವಂತಿರಲಿಲ್ಲ. ಕೊಳಚೆ ಒಳಗೆ ಬರುವ ಬಾಯಿಗೆ ಅಡ್ಡಲಾಗಿ ನಿಲ್ಲಿಸಿದ ಕಬ್ಬಿಣದ ಸಲಾಕಿಗಳ ಚೌಕಟ್ಟೇ ಅಲ್ಲಿನ ಸ್ಕ್ರೀನು. ಕೂದಲು, ಪ್ಲಾಸ್ಟಿಕ್ ಕವರು, ಮಗುವಿನ ಕಾಲುಚೀಲ, ಯಾರದೋ ಮನೆಯ ಹಲ್ಲುಜ್ಜುವ ಬ್ರಷ್ಷು, ಇನ್ನೂ ಹೇಳಬಾರದ ಏನೇನೋ ಅದಕ್ಕೆ ಸಿಕ್ಕಿಕೊಂಡು ನೇತಾಡುತ್ತಿದ್ದವು. ಜನ ಆ ಸ್ಕ್ರೀನಿನ ಮುಂದೆ ಕೂತು ಏನೇನು ಮಾಡುತ್ತಾರೆ ಎಂಬುದು ಈ ಸ್ಕ್ರೀನಿನಲ್ಲಿ ಗೊತ್ತಾಗುತ್ತದೆ.

ಪಕ್ಕದ ತೊಟ್ಟಿ ಮಾತ್ರ ಅಳಿಯನಿಗೆ ಹಿಡಿಸಿತು. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಇನ್ನೂರು ಮನೆಯವರು ಒಮ್ಮೆಲೇ ಸ್ನಾನ, ಪಾತ್ರೆ, ಬಟ್ಟೆ ಎಂದು ನೀರು ಬಿಡುತ್ತಾರೆ. ಮಧ್ಯಾಹ್ನ ಸೂತಕದ ಮನೆಯಂತೆ ಖಾಲಿ. ಹಬ್ಬದೂಟವನ್ನು ಒಂದೇ ತುತ್ತಿಗೆ ತುರುಕಿದರೆ ಹುಳುಗಳಿಗೂ ಅಜೀರ್ಣ. ಅದಕ್ಕೇ ಬಂದದ್ದನ್ನೆಲ್ಲ ಈ ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡು ದಿನವಿಡೀ ಸಮವಾಗಿ ಮುಂದೆ ಬಿಡುತ್ತಾರೆ. "ಅಯ್ಯೋ, ಇದು ನಮ್ಮ ಬಫರ್ರು!" ಎಂದ ಅಳಿಯ, ನೆಂಟರ ಮನೆಯಲ್ಲಿ ನಮ್ಮೂರಿನವರು ಸಿಕ್ಕಂತೆ. ಪೈಪ್‌ಲೈನು, ಲೋಡು, ಪೀಕ್ ಅವರ್, ಅಪ್‌ಸ್ಟ್ರೀಮು, ಡೌನ್‌ಸ್ಟ್ರೀಮು, ಲೀಕು ಎಂದು ಇಬ್ಬರೂ ಸ್ವಲ್ಪ ಹೊತ್ತು ಚೆನ್ನಾಗಿಯೇ ಮಾತಾಡಿಕೊಂಡರು. ಯಾರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದು ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಿತ್ತೆಂದು ಹೇಳಲಾರೆ.

ಇಷ್ಟೊಂದು ಪದ ಹೇಗೆ ಕೂಡಿದವು ಎಂದರೆ ಉತ್ತರ ಸುಲಭ. ಸಾಫ್ಟ್‌ವೇರ್ ಎಂಜಿನಿಯರಿಂಗ್ ನಿನ್ನೆ ಮೊನ್ನೆ ಹುಟ್ಟಿದ ಕೂಸು. 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನ್ಯಾಟೋದವರು ಆ ಹೆಸರಿನಲ್ಲಿ ಒಂದು ಸಮ್ಮೇಳನ ಕರೆದ ಮೇಲೇ ಅದು ಕಸುಬಿನ ಹೆಸರಾಗಿ ನಿಂತದ್ದು. ಕೈಯಲ್ಲಿ ಮುಟ್ಟಲಾಗದ ವಸ್ತು, ಹೆಸರಿಡುವುದಾದರೂ ಹೇಗೆ? ನೀರು, ಮಣ್ಣು, ಮರ, ಕೊಳವೆ ಎಂದು ಕಣ್ಣಿಗೆ ಬಿದ್ದದ್ದನ್ನೆಲ್ಲ ಕಡ ತಂದರು. ಡಗ್ ಮೆಕಿಲ್‌ರಾಯ್ ಎಂಬಾತ 1964ರಲ್ಲೇ, ತೋಟಕ್ಕೆ ನೀರು ಬಿಡುವ ಕೊಳವೆಗಳಂತೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಸಿಕ್ಕಿಸಲು ಬರಬೇಕು ಎಂದು ಬರೆದಿಟ್ಟಿದ್ದ. 1973ರಲ್ಲಿ ಯೂನಿಕ್ಸ್‌ನಲ್ಲಿ ಅದು ಪೈಪ್ ಎಂಬ ಹೆಸರಲ್ಲೇ ಬಂತು. ಕಡ ತಂದದ್ದಕ್ಕೆ ನನ್ನ ತಕರಾರಿಲ್ಲ. ತಂದವರು ಒಮ್ಮೆಯಾದರೂ ಅಸಲು ವಸ್ತುವನ್ನು ನೋಡಿಬರಬೇಕಿತ್ತು.

ಉದಾಹರಣೆಗೆ ಜಲಪಾತ. ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಧುಮುಕುವುದು, ಹಿಂದಕ್ಕೆ ಹತ್ತುವ ಮಾತಿಲ್ಲ. ಅದು ವಾಟರ್‌ಫಾಲ್ ಪದ್ಧತಿ. ವಿನ್‌ಸ್ಟನ್ ರಾಯ್ಸ್ ಅದನ್ನು ಸ್ಥಾಪಿಸಿದರೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವಂತೆ. ಅವರ 1970ರ ಲೇಖನದಲ್ಲಿ ವಾಟರ್‌ಫಾಲ್ ಎಂಬ ಪದವೇ ಇಲ್ಲ. ಹೀಗೆ ಮಾಡಿದರೆ ಕೆಡುತ್ತೀರಿ ಎಂದು ಎಚ್ಚರಿಸುವುದಕ್ಕೇ ಅವರು ಆ ಚಿತ್ರ ಬರೆದದ್ದು. ಜನ ಎಚ್ಚರಿಕೆ ಬಿಟ್ಟು ಚಿತ್ರ ಇಟ್ಟುಕೊಂಡರು. ನಾನು ಅಳಿಯನಿಗೆ ಜೋಗ ತೋರಿಸಿದ್ದೆ, ಬೇಸಿಗೆಯಲ್ಲಿ. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಬಂಡೆಗೆ ಅಂಟಿದ ನೂಲಿನಂತಿದ್ದರು. ಮೇಲೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಕೂತಿದೆ, ನೀರು ಬಿಟ್ಟರೆ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ ಎಂದೆ. ಅವನು ಬಹಳ ಹೊತ್ತು ನೋಡಿ, "ಮ್ಯಾನೇಜ್‌ಮೆಂಟ್ ಅಪ್ರೂವಲ್ಲು," ಎಂದ. ಆ ದಿನ ಅವನ ಮೇಲೆ ನನಗೆ ಗೌರವ ಹುಟ್ಟಿತು.

ಕೆರೆಯ ಕಥೆ ಇನ್ನೂ ಚೆಂದ. 2010ರಲ್ಲಿ ಜೇಮ್ಸ್ ಡಿಕ್ಸನ್ ಎಂಬಾತ ಡೇಟಾ ಲೇಕ್ ಎಂಬ ಹೆಸರಿಟ್ಟ. ಸೋಸಿ ಬಾಟಲಿಗೆ ತುಂಬಿದ ನೀರಿನಂತಲ್ಲ, ಮಾಹಿತಿ ಬಂದದ್ದು ಬಂದ ಹಾಗೇ ತುಂಬಿಕೊಂಡಿರುವ ಕೆರೆ. ಬೇಕಾದವರು ಬಂದು ಬೇಕಾದಷ್ಟು ಮೊಗೆದುಕೊಳ್ಳಲಿ ಎಂದು. ಬಂದದ್ದು ಬಂದ ಹಾಗೇ ಕೆರೆಗೆ ಬಿಟ್ಟರೆ ಏನಾಗುತ್ತದೆ ಎಂದು ಆತ ಬೆಳ್ಳಂದೂರಿನವರನ್ನು ಕೇಳಬಹುದಿತ್ತು. ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಿಟಕಿಗೆ ನೇರವಾಗಿ ಕಾಣುವ ಕೆರೆ ಅದು. ಸೋಪಿನ ನೀರು, ಕಕ್ಕಸಿನ ನೀರು ಎಲ್ಲ ಬಂದ ಹಾಗೇ ಸೇರಿ, ಕೋಡಿಯಲ್ಲಿ ಧುಮುಕುವಾಗ ಕಡೆದಂತಾಗಿ ಆಳೆತ್ತರದ ನೊರೆ ಎದ್ದು ಯಮಲೂರಿನ ರಸ್ತೆಗೆ ಹಾರುತ್ತಿತ್ತು. 2017ರಲ್ಲೂ 2018ರಲ್ಲೂ ಕೆರೆಗೆ ಬೆಂಕಿಯೇ ಬಿತ್ತು. ಕೆರೆಗೆ ಬೆಂಕಿ ಬಿದ್ದರೆ ಏನು ಹಾಕಿ ಆರಿಸಬೇಕೆಂದು ನಮ್ಮ ಗಾದೆಗಳಲ್ಲೂ ಇಲ್ಲ. ಡೇಟಾ ಲೇಕನ್ನು ನೋಡಿಕೊಳ್ಳದೆ ಬಿಟ್ಟರೆ ಅದು ಡೇಟಾ ಸ್ವಾಂಪ್, ಅಂದರೆ ಜೌಗು, ಆಗುತ್ತದೆ ಎಂದು ಅಳಿಯ ಸಮಾಧಾನ ಹೇಳಿದ. "ಹಾಗಾದರೆ ಏರಿ ಯಾರದು? ತೂಬು ಎಲ್ಲಿದೆ? ನೀರುಗಂಟಿ ಯಾರು?" ಎಂದೆ. ಕೆರೆ ಎಂದಮೇಲೆ ಇವಿಲ್ಲದೆ ಆಗುತ್ತದೆಯೇ? ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಬಿಡಬೇಕೆಂದು ನೋಡಿಕೊಳ್ಳುವುದು ನೀರುಗಂಟಿಯ ಕೆಲಸ ಎಂದು ವಿವರಿಸಿದೆ. "ಓ, ಅಡ್ಮಿನ್ನು. ಒಬ್ಬ ಇದ್ದ, ಹೋದ ತಿಂಗಳು ಕೆಲಸ ಬಿಟ್ಟ," ಎಂದ.

ಹಾಂ, ಲೆಗಸಿ. ಇದೊಂದು ಪದ ಎರಡೂ ಕಡೆ ಒಂದೇ ಅರ್ಥದಲ್ಲಿದೆ, ಆಶ್ಚರ್ಯ. ಅಳಿಯನ ಲೆಗಸಿ ಕೋಡ್ ಎಂದರೆ ಹಿಂದಿನವರು ಬರೆದು ಹೋದದ್ದು, ಯಾರಿಗೂ ಅರ್ಥವಾಗದ್ದು, ಮುಟ್ಟಲು ಹೆದರಿಕೆ, ತೆಗೆದು ಹಾಕಿದರೆ ಮನೆಯೇ ಬೀಳುತ್ತದೆ. ಮಗಳ ಲೆಗಸಿ ವೇಸ್ಟ್ ಎಂದರೆ ಮಾವಳ್ಳಿಪುರ, ಮಂಡೂರುಗಳಲ್ಲಿ ಬೆಂಗಳೂರು ಗುಡ್ಡೆ ಹಾಕಿ ಬಂದದ್ದು. ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತದ್ದು 2012ರಲ್ಲಿ, ಮಂಡೂರಿಗೆ 2014ರಲ್ಲಿ. ಎರಡೂ ಊರಿನವರು ರಸ್ತೆಗಿಳಿದ ಮೇಲೆ. ನಾನು ಇವೆರಡಕ್ಕೂ ಪಿತ್ರಾರ್ಜಿತ ಎಂಬ ಪದ ಸೂಚಿಸಿದ್ದೇನೆ. ಜಾನ್ ಮೆಕಾರ್ಥಿ ಎಂಬ ಪುಣ್ಯಾತ್ಮ 1959ರ ಹೊತ್ತಿಗೇ ಗಣಕದೊಳಗೆ ಕಸ ತಾನಾಗಿಯೇ ಗುಡಿಸಿಹೋಗುವ ಏರ್ಪಾಡು ಮಾಡಿದ. ಅದರ ಹೆಸರೂ ಗಾರ್ಬೇಜ್ ಕಲೆಕ್ಷನ್ನೇ. ನಮ್ಮ ಬೀದಿಯಲ್ಲಿ ಅದನ್ನು ಪೌರಕಾರ್ಮಿಕರು ಬೆಳಗಿನ ಜಾವ ಎದ್ದು ಕೈಯಾರೆ ಮಾಡಬೇಕು.

ಎಲ್ಲಿಗೋ ಹೋದೆ. ಕೆಳಗೆ, ಎಸ್‌ಟಿಪಿಯಲ್ಲಿ, ಮಗಳು ಒಂದು ಲೀಟರಿನ ಗಾಜಿನ ಜಾಡಿ ತೆಗೆದುಕೊಂಡು, ಗಾಳಿ ಊದುವ ತೊಟ್ಟಿಯಿಂದ ಬಕೆಟ್ಟಿನಲ್ಲಿ ಮೊಗೆದು ಗೆರೆಯವರೆಗೆ ತುಂಬಿ ಕಟ್ಟೆಯ ಮೇಲಿಟ್ಟಳು. ಮೊಬೈಲಿನಲ್ಲಿ ಮೂವತ್ತು ನಿಮಿಷಕ್ಕೆ ಅಲಾರಾಂ. ಹುಳುಗಳು ಆರೋಗ್ಯವಾಗಿದ್ದರೆ ಒಂದಕ್ಕೊಂದು ಅಂಟಿಕೊಂಡು ಕಂದು ಹತ್ತಿಯ ಉಂಡೆಗಳಂತೆ ಮೆಲ್ಲಗೆ ಕೆಳಗಿಳಿದು, ಕಾಲು ಭಾಗದಷ್ಟು ತಳದಲ್ಲಿ ಕೂತು, ಮೇಲೆ ತಿಳಿನೀರು ನಿಲ್ಲುತ್ತದೆ. ನಾವು ಕಾದೆವು. ಅಳಿಯ ಕೂಡ ಫೋನು ನೋಡದೆ ಕಾದ. ಮೂವತ್ತು ನಿಮಿಷವಾದರೂ ಜಾಡಿಯಲ್ಲಿ ಅಕ್ಕಿ ತೊಳೆದ ನೀರಿನಂಥ ಬಗ್ಗಡ. ತಳದಲ್ಲಿ ಎರಡು ಬೆರಳಿನಷ್ಟೂ ಕೂತಿರಲಿಲ್ಲ. ಮಗಳು ಜಾಡಿಯನ್ನು ಬೆಳಕಿಗೆ ಹಿಡಿದು, ಬಾಯಿಯ ಹತ್ತಿರ ತಂದು ಮೂಸಿದಳು.

"ಕ್ಲೋರಿನ್ನು," ಎಂದಳು.

ನನಗೆ ಸಣ್ಣಗೆ ಬೆವರಿತು.

"ಬಿಒಡಿ ಟೆಸ್ಟಿಗೆ ಕಳಿಸೋಣ," ಎಂದೆ, ಮಾತು ಮರೆಸಲು. ನೀರಿನಲ್ಲಿ ಎಷ್ಟು ಕೊಳೆಯಿದೆ ಎಂಬುದನ್ನು, ಅದನ್ನು ತಿನ್ನಲು ಹುಳುಗಳು ಎಷ್ಟು ಆಮ್ಲಜನಕ ಬಳಸಿದವು ಎಂದು ಅಳೆಯುವ ಪರೀಕ್ಷೆ ಅದು. ಇಂಗ್ಲೆಂಡಿನ ರಾಯಲ್ ಕಮಿಷನ್ 1912ರಲ್ಲಿ ಅದಕ್ಕೆ ಐದು ದಿನ ಗೊತ್ತು ಮಾಡಿತು. ಅವರ ದೇಶದ ನದಿಗಳು ಐದು ದಿನದೊಳಗೆ ಸಮುದ್ರ ಸೇರುತ್ತವೆ, ಆಮೇಲೆ ಅದು ಸಮುದ್ರದ ತಲೆನೋವು ಎಂಬ ಲೆಕ್ಕದಿಂದಂತೆ. ನಮ್ಮದು ಬಿಸಿ ದೇಶ, ಹುಳುಗಳು ಚುರುಕು. ಇಲ್ಲಿ 27 ಡಿಗ್ರಿಯಲ್ಲಿ ಮೂರೇ ದಿನ. ಮೂರು ದಿನ ಸಿಕ್ಕರೆ ನಾನು ತಿಪಟೂರಿಗೆ ಹೋಗಿಬಿಡಬಹುದಿತ್ತು.

"ಮೊದಲು ಲಾಗ್ ನೋಡಬೇಕು," ಎಂದ ಅಳಿಯ. ತನ್ನ ಕಸುಬಿನ ಪದವೊಂದು ಕೊನೆಗೂ ಸರಿಯಾದ ಜಾಗದಲ್ಲಿ ಬಂದ ಖುಷಿ ಅವನಿಗೆ. ಪ್ರೋಗ್ರಾಮು ಕೆಟ್ಟರೆ ಅವರೂ ಮೊದಲು ನೋಡುವುದು ಲಾಗನ್ನೇ. ಇನ್ನೂ ಒಂದಿದೆ: ಗಿಟ್ ಎಂಬ ಸಾಧನದಲ್ಲಿ ಬ್ಲೇಮ್ ಎಂದು ಒಂದು ಆಜ್ಞೆ ಕೊಟ್ಟರೆ, ಯಾವ ಸಾಲು ಯಾರು ಯಾವತ್ತು ಬರೆದದ್ದು ಎಂದು ಹೆಸರು ಸಮೇತ ತೋರಿಸುತ್ತದಂತೆ. ಎಂಥ ನಿರ್ದಯಿ ಜನ! ನಮ್ಮ ಶಾಲೆಯಲ್ಲಿ ಸೀಮೆಸುಣ್ಣ ಎಸೆದವರು ಯಾರೆಂದು ಮೂವತ್ತನಾಲ್ಕು ವರ್ಷ ಕೇಳಿದ್ದೇನೆ, ಒಬ್ಬನೂ ಹೇಳಿರಲಿಲ್ಲ.

ಆಪರೇಟರ್ ಹುಡುಗ ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದನೆಯ ನೋಟ್‌ಬುಕ್ಕು ಇಳಿಸಿಕೊಟ್ಟ. ಹಿಂದಿನ ದಿನದ ಪುಟ. ಅವನದೇ ಗುಂಡು ಗುಂಡು ಅಕ್ಷರ: ದಸರಾ ಪ್ರಯುಕ್ತ ಸಂಪು ಮತ್ತು ಮೇಲಿನ ತೊಟ್ಟಿ ತೊಳೆದದ್ದು, ಬ್ಲೀಚಿಂಗ್ ಪೌಡರ್ 4 ಮೂಟೆ, ತೊಳೆದ ನೀರು ಎಸ್‌ಟಿಪಿಗೆ ಬಿಟ್ಟದ್ದು. ಅಪ್ಪಣೆ: ಮೇಷ್ಟ್ರು. ಅದರ ಕೆಳಗೆ ನನ್ನ ಸಹಿ, ಹಾಜರಿ ಪುಸ್ತಕಕ್ಕೆ ಹಾಕಿ ಹಾಕಿ ಕೈಗೆ ಕೂತ, ಯಾರೂ ನಕಲು ಮಾಡಲಾಗದ ಸಹಿ.

ಹೇಳುವುದು ಮರೆತಿದ್ದೆ. ಅಪಾರ್ಟ್‌ಮೆಂಟಿನ ಸ್ವಚ್ಛತಾ ಸಮಿತಿಗೆ ನಾನೇ ಅಧ್ಯಕ್ಷ. ಒಂದು ಮೂಟೆ ಸಾಕು ಎಂದು ಆ ಹುಡುಗ ಹೇಳಿದ್ದ. ಹಬ್ಬಕ್ಕೆ ಒಂದು ಹುಳುವೂ ಉಳಿಯಬಾರದು ಎಂದು ನಾನು ಹೇಳಿದ್ದೆ. ಉಳಿಯಲಿಲ್ಲ.

ಮಗಳು ಏನೂ ಅನ್ನಲಿಲ್ಲ. ನಮ್ಮಾಕೆ ಮಾತ್ರ ಮೇಲೆ ಬಂದ ಮೇಲೆ, "ನೀವು ಕನ್ನಡ ಮೇಷ್ಟ್ರಾಗಿದ್ದಿದ್ದು ಒಳ್ಳೇದಾಯ್ತು ಕಣ್ರೀ, ಡಾಕ್ಟ್ರಾಗಿದ್ದಿದ್ರೆ ಗತಿ ಏನು," ಎಂದಳು. ಅಳಿಯ ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಮಾವ, ನಾನೂ ಒಂದು ಸಲ ಟೆಸ್ಟ್ ಅಂದ್ಕೊಂಡು ಪ್ರೊಡಕ್ಷನ್ನಲ್ಲಿ ಡಿಲೀಟ್ ಕೊಟ್ಟಿದ್ದೆ. ಯಾರಿಗೂ ಹೇಳಿಲ್ಲ."

ಮರುದಿನ ಪಕ್ಕದ ಬಡಾವಣೆಯ ಘಟಕವೊಂದರಿಂದ ಒಂದು ಟ್ಯಾಂಕರ್ ಜೀವಂತ ಕೆಸರು ಬಂತು. ಆ ಕಸುಬಿನವರು ಅದನ್ನು ಸೀಡಿಂಗ್ ಎನ್ನುತ್ತಾರೆ, ಹೆಪ್ಪೇ. ಸಾಲದಿದ್ದರೆ ಇರಲೆಂದು ನಾನೇ ಹೋಗಿ ನಾಲ್ಕು ಬುಟ್ಟಿ ಹಸುವಿನ ಸಗಣಿ ತರಿಸಿದೆ. ಹೊಸ ಘಟಕ ಶುರು ಮಾಡುವಾಗ ಸಗಣಿಯಿಂದಲೂ ಹುಳು ಕಟ್ಟಿಸುವುದುಂಟಂತೆ. ಅದನ್ನು ನೀರಲ್ಲಿ ಕದಡಿ, ಸೋಸಿ, ತೊಟ್ಟಿಗೆ ಬಿಟ್ಟವನು ಅಳಿಯ, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು. ಆಫೀಸಿನ ಮೀಟಿಂಗಿನಲ್ಲಿ ಯಾಕೆ ತಡ ಎಂದು ಕೇಳಿದ್ದಕ್ಕೆ, "ಎನ್ವಿರಾನ್‌ಮೆಂಟ್ ಸೆಟಪ್ ಮಾಡ್ತಿದ್ದೆ," ಎಂದನಂತೆ. ಒಂದು ಅಕ್ಷರವೂ ಸುಳ್ಳಲ್ಲ.

ದಿನಾ ಬೆಳಿಗ್ಗೆ ಜಾಡಿ ಇಡುವುದು ಈಗ ನನ್ನ ಪಾಲಿನ ಕೆಲಸ. ಹನ್ನೆರಡನೆಯ ದಿನ ಮೂವತ್ತು ನಿಮಿಷಕ್ಕೆ ಕಂದು ಕೆಸರು 260ರ ಗೆರೆಗೆ ಬಂದು ಕೂತಿತು, ಮೇಲಿನ ನೀರಿನಾಚೆ ಗೋಡೆಯ ಮೊಳೆ ಕಾಣುತ್ತಿತ್ತು. ಲಾಗ್ ಬುಕ್ಕಿನಲ್ಲಿ ತಾರೀಖು ಹಾಕಿ "ಹುಳು ಜೀವಂತ" ಎಂದು ಬರೆದು ಸಹಿ ಮಾಡಿದೆ. ಅಂಟಿಸೋಣವೆಂದರೆ ಹುಳು ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ.

ಮುಂದಿನ ಹಬ್ಬ ಬಂದೇ ಬರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಉತ್ಸಾಹಿ ಮೇಷ್ಟ್ರೊಬ್ಬರು ತೊಟ್ಟಿ ತೊಳೆಸಲು ಹೊರಟಿದ್ದರೆ, ತೊಳೆದ ನೀರು ಎಲ್ಲಿಗೆ ಬಿಡುತ್ತೀರಿ ಸಾರ್ ಎಂದು ಒಂದು ಮಾತು ಕೇಳಿಬಿಡಿ. ಮೂಟೆ ಬಿಚ್ಚುವುದಕ್ಕೆ ಮುಂಚೆ ಕೇಳಿ.